ಅಂಗಳದಲ್ಲೊಂದು ಬಸ್ಸಿನ ಪಾವಟಿಗೆ

ನಡೆಯುವುದನ್ನು ನಾನು ಎರಡು ಸಲ ಕಲಿತವಳು. ಮೊದಲನೆಯ ಸಲದ್ದು ನೆನಪಿಲ್ಲ, ಹಾಗಾಗಿ ಅದರ ಬಗ್ಗೆ ಜಂಭವೂ ಇಲ್ಲ. ಎರಡನೆಯ ಸಲ ಕಲಿಯುವಾಗ ನನಗೆ ಐವತ್ತು ದಾಟಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು, ಬಾಯಿ ಮಾತ್ರ ಮೊದಲಿನ ಹಾಗೇ ಜೋರಿತ್ತು. ಆ ಸಲದ ಜಂಭ ನನ್ನಲ್ಲಿ ಬೇಕಾದಷ್ಟಿದೆ. ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ನಮ್ಮ ಮನೆ ದಾಂಡೇಲಿಯಲ್ಲಿ. ಯಜಮಾನರು ಕಾಗದದ ಮಿಲ್ಲಿನಲ್ಲಿ ಫಿಟ್ಟರ್. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದವಳು ನಾನು, ಸರ್ಕಾರಿ ಶಾಲೆಯ ಶಿಕ್ಷಕಿ. ಶಾಲೆ ಇರುವುದು ಗಣೇಶಗುಡಿ ದಾಟಿ ಜೊಯಿಡಾಕ್ಕೆ ಹೋಗುವ ರಸ್ತೆಯಲ್ಲಿ, ಕಾಡಿನ ನಡುವಿನ ಕೆಲವೇ ಮನೆಗಳ ಹಳ್ಳಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಒಬ್ಬಳೇ ಟೀಚರು. ಮಕ್ಕಳು ಮನೆಯಲ್ಲಿ ಕೊಂಕಣಿ ಆಡುವವರು, ನನ್ನನ್ನು ಕರೆಯುವುದು ‘ಬಾಯಿ’ ಎಂದು, ಅವರ ಮಾತಿನಲ್ಲಿ ಟೀಚರಮ್ಮ. ಬೆಳಿಗ್ಗೆ ಒಂದು ಬಸ್ಸು ನನ್ನನ್ನು ರಸ್ತೆಯ ಪಕ್ಕ ಇಳಿಸುತ್ತಿತ್ತು, ಸಂಜೆ ಇನ್ನೊಂದು ಬಸ್ಸು ಹತ್ತಿಸಿಕೊಳ್ಳುತ್ತಿತ್ತು. ರಸ್ತೆಯಿಂದ ಶಾಲೆಗೆ ಕಾಲುದಾರಿ ಮಾತ್ರ. ಇಷ್ಟು ವರ್ಷ ಆ ದಾರಿಯಲ್ಲಿ ನಾನು ನಡೆದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಶಾಲೆಗೆ ಹೋದೆ, ಮನೆಗೆ ಬಂದೆ, ಅಷ್ಟೇ.

ಒಂದು ರವಿವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಯಜಮಾನರನ್ನು ಬೈಯುತ್ತಿದ್ದೆ. ಯಾಕೆ ಬೈಯುತ್ತಿದ್ದೆ ಅನ್ನುವುದು ಮರೆತುಹೋಗಿದೆ. ಅರ್ಧ ಬೈಗುಳಕ್ಕೆ ನಾಲಿಗೆ ತೊದಲಿತು, ಎಡಗೈ ಹಿಟ್ಟಿನ ಮೇಲೆ ಬಿದ್ದು ಅಲ್ಲೇ ಉಳಿಯಿತು. ಅವರು ಪೇಪರು ಬಿಸಾಕಿ ಎದ್ದು ಬಂದರು. ಬೈಗುಳ ನಿಂತಿತು ಅಂದರೆ ನಮ್ಮ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಪಕ್ಕದ ಮನೆಯ ಮೆಕ್ಯಾನಿಕ್ ಸಾಹೇಬರು ರಿಪೇರಿಗೆ ಬಂದಿದ್ದ ಯಾರದೋ ಜೀಪು ತಂದು ನನ್ನನ್ನು ಹಾಕಿಕೊಂಡು ಧಾರವಾಡದ ಆಸ್ಪತ್ರೆಗೆ ಓಡಿಸಿದರು. ಪಾರ್ಶ್ವವಾಯು, ಬೇಗ ತಂದಿರಿ, ಬದುಕಿದಳು ಎಂದರು ಡಾಕ್ಟರು. ಮಾತು ಬೇಗ ಮರಳಿತು. ಕೈ ಮೆಲ್ಲಗೆ ಮರಳಿತು. ಎಡಗಾಲು ಮಾತ್ರ ಬಾಡಿಗೆಗೆ ತಂದ ಸಾಮಾನಿನ ಹಾಗೆ ನನ್ನ ಜೊತೆಗೆ ಮನೆಗೆ ಬಂತು.

ಮನೆಗೆ ಬಂದಮೇಲೆ ಶುರುವಾಯಿತು ಜನರ ಪ್ರೀತಿ. ಕೇರಿಯವರೆಲ್ಲ ಬಂದು ಕೂತರು. ಲಕ್ವಾ ಹೊಡೆದವರಿಗೆ ಪಾರಿವಾಳದ ರಕ್ತ ಹಚ್ಚಿದರೆ ಒಳ್ಳೆಯದು ಎಂದು ಒಬ್ಬರು, ಮುಂಡಗೋಡದ ಹತ್ತಿರ ಯಾರೋ ಔಷಧ ಕೊಡುತ್ತಾರೆ ಎಂದು ಇನ್ನೊಬ್ಬರು. ಪಾರಿವಾಳ ನನಗೇನು ಅನ್ಯಾಯ ಮಾಡಿದೆ ಎಂದು ಕೇಳಿದೆ. ಎಲ್ಲರೂ ಒಂದೇ ಬಾಯಿಂದ ಹೇಳಿದ್ದು, ‘ಸುಮ್ನ ಮಲ್ಕೋರಿ ಅಕ್ಕಾರ, ಜೀವನಾ ಪೂರ್ತಿ ದುಡದೀರಿ’ ಎಂದು. ನಾನು ಏಳಲು ಹೊರಟರೆ ಮೂವರು ಬಂದು ಹಿಡಿಯುತ್ತಿದ್ದರು. ನೀರಿಗೆ ಕೈ ಚಾಚಿದರೆ ಲೋಟ ಬಾಯಿಗೇ ಬರುತ್ತಿತ್ತು. ಅವರ ಕೈಯಲ್ಲಿ ನಾನು ಇನ್ನೊಂದು ತಿಂಗಳು ಇದ್ದಿದ್ದರೆ ಬಲಗಾಲೂ ಹೋಗುತ್ತಿತ್ತು.

ಆಗ ಬಂದಳು ಹಳಿಯಾಳದ ಹುಡುಗಿ. ಗ್ಯಾರೇಜು ನಡೆಸುವವರ ಮಗಳು, ಫಿಸಿಯೋಥೆರಪಿ ಓದಿದವಳು, ನಮ್ಮ ಪಕ್ಕದ ಸಾಹೇಬರ ಸಂಬಂಧಿಕಳು. ತಲೆಯ ಮೇಲೆ ದುಪಟ್ಟಾ, ಕಾಲಲ್ಲಿ ಓಡುವವರ ಬೂಟು. ಎಣ್ಣೆ ತಿಕ್ಕಲು ಬಂದಿದ್ದಾಳೆ ಎಂದುಕೊಂಡು ನಾನು ಕಾಲು ಚಾಚಿ ಮಲಗಿದೆ.

‘ಎಣ್ಣಿ ಎಲ್ಲಿ?’ ಎಂದೆ.

‘ಎಣ್ಣಿ ವಗ್ಗರಣಿಗೆ ಇಡ್ರಿ, ಅಕ್ಕಾರ. ನೀವು ಏಳ್ರಿ.’

ನನಗೆ ಹೀಗೆ ಅಪ್ಪಣೆ ಕೊಟ್ಟವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಮುಖ ಉಬ್ಬಿಸಿದೆ. ಅವಳು ಅದನ್ನು ಕಂಡೂ ಕಾಣದವಳ ಹಾಗೆ ಖುರ್ಚಿ ಎಳೆದು, ನನ್ನ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಹಿಂದಿನಿಂದ ಅದನ್ನು ಹಿಡಿದು ನಿಂತಳು. ಕೈ ಹಿಡಿಯಲಿಲ್ಲ. ಖುರ್ಚಿಯಿಂದ ಏಳು, ಕೂಡು, ಮತ್ತೆ ಏಳು. ಎಡಗಾಲಿನ ಮೇಲೂ ಭಾರ ಹಾಕು. ಕಾಲು ನಡುಗಿದರೂ ಅವಳು ‘ಪಾಪ’ ಅನ್ನಲಿಲ್ಲ. ಮೊದಲ ದಿನ ಅವಳು ಹೋದಮೇಲೆ, ನಾಳೆ ಇವಳನ್ನು ಒಳಗೆ ಬಿಡಬೇಡಿ ಎಂದು ಯಜಮಾನರಿಗೆ ಹೇಳಿದೆ. ಅವರು ‘ಹೂಂ’ ಅಂದರು, ಮರುದಿನ ಅವಳು ಬಂದಾಗ ತಾವೇ ಬಾಗಿಲು ತೆಗೆದರು.

ಕೆಲವು ದಿನಗಳಾದ ಮೇಲೆ ಒಮ್ಮೆ ನಾನೇ ಕೇಳಿದೆ, ಈ ಕಾಲಿಗೆ ಆಗಿದ್ದಾದರೂ ಏನು ಎಂದು. ‘ಕಾಲಿಗೆ ಏನೂ ಆಗಿಲ್ರಿ. ತಲಿಯಿಂದ ಕಾಲಿಗೆ ಬರೂ ದಾರಿ ಮುಚ್ಚೇತಿ’ ಎಂದಳು. ‘ನಿಮ್ಮ ಸಾಲಿ ಹಾದಿ ಇಲ್ಲೇನ್ರಿ, ಅದನ್ನ ಯಾರು ಮಾಡ್ಯಾರ? ಮಂದಿ ಅಡ್ಡಾಡಿ ಅಡ್ಡಾಡಿ ಆಗೇತಿ. ಹಂಗ ನೀವೂ ಅಡ್ಡಾಡಬೇಕು. ಹೊಸಾ ಹಾದಿ ಬೀಳತೈತಿ.’ ಇದು ನನಗೆ ತಿಳಿಯಿತು. ಮಗ್ಗಿ ಬಾಯಿಗೆ ಬರುವುದೂ ಹಾಗೆಯೇ. ಅಂದಿನಿಂದ ನಾನು ಜಗಳ ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾದೀತು.

ನನ್ನ ದೊಡ್ಡ ತೊಂದರೆ ಎಡಪಾದದ್ದು. ಅದು ಏಳುತ್ತಿರಲಿಲ್ಲ, ಬೆರಳ ತುದಿ ನೆಲ ಕೆರೆಯುತ್ತಿತ್ತು. ಕೆರೆಯುವುದಿಲ್ಲ ಎಂದು ನಾನು ವಾದಿಸಿದೆ. ಅವಳು ವಾದಕ್ಕೆ ಬರಲಿಲ್ಲ. ನಮ್ಮ ಊರಲ್ಲಿ ಕಾಗದಕ್ಕೇನು ಬರ. ಯಜಮಾನರಿಗೆ ಹೇಳಿ ಒರಟು ಕಾಗದದ ತುಂಡು ರೋಲು ತರಿಸಿ, ಪಡಸಾಲೆಯ ಉದ್ದಕ್ಕೂ ಹಾಸಿ, ನನ್ನ ಅಂಗಾಲಿಗೆ ಕೆಮ್ಮಣ್ಣಿನ ನೀರು ಹಚ್ಚಿ ನಡೆಸಿದಳು. ಬಲಪಾದದ ಗುರುತು ಅಚ್ಚುಕಟ್ಟಾಗಿ ಬಿದ್ದಿತ್ತು. ಎಡಪಾದದ ಪ್ರತಿ ಗುರುತಿನ ಹಿಂದೆಯೂ ಒಂದು ಕೆಂಪು ಗೆರೆ. ಇಷ್ಟು ವರ್ಷ ಮಕ್ಕಳ ಹಾಳೆಯ ಮೇಲೆ ಕೆಂಪು ಗೆರೆ ಎಳೆದವಳು ನಾನು, ಈಗ ನನ್ನ ಹಾಳೆಯೇ ನನ್ನೆದುರು ಬಿದ್ದಿತ್ತು.

‘ಹಿಮ್ಮಡಾ ಮೊದಲ, ಅಕ್ಕಾರ. ಬೆರಳ ಆಮ್ಯಾಲೆ. ಬಾಯಿಲೆ ಅನಕೋಂತ ನಡೀರಿ’ ಎಂದಳು.

ಅಂದಿನಿಂದ ‘ಹಿಮ್ಮಡಾ ಮೊದಲ’ ನನ್ನ ಬಾಯಿಗೆ ಅಂಟಿಕೊಂಡಿತು. ಹಿತ್ತಲಿಗೆ ಹೋಗುವಾಗ, ದೇವರ ದೀಪಕ್ಕೆ ಎಣ್ಣೆ ಹಾಕಲು ಹೋಗುವಾಗ, ಎಲ್ಲ ಕಡೆಗೂ ಅದೇ. ಆಮೇಲೆ ಅವಳು ಅದನ್ನೂ ಬಿಡಿಸಿ ಮಗ್ಗಿ ಹೇಳುತ್ತ ನಡೆಯಲು ಹಚ್ಚಿದಳು. ತಲೆ ಬೇರೆ ಕೆಲಸದಲ್ಲಿದ್ದಾಗಲೂ ಕಾಲು ತನ್ನ ಕೆಲಸ ಮರೆಯಬಾರದಂತೆ. ಹದಿನೇಳರ ಮಗ್ಗಿಯ ನಡುವೆ ನಾನು ಎಡವಿದೆ, ಮಗ್ಗಿಯಲ್ಲಲ್ಲ, ಹೊಸ್ತಿಲಲ್ಲಿ. ಪಟ್ಟಿ ಅವಳ ಕೈಯಲ್ಲಿತ್ತು, ಬೀಳಲಿಲ್ಲ. ದಿನ ಕಳೆದಂತೆ ಕಾಗದದ ಮೇಲಿನ ಕೆಂಪು ಗೆರೆ ಗಿಡ್ಡವಾಯಿತು, ಆಮೇಲೆ ಅಲ್ಲೊಂದು ಇಲ್ಲೊಂದು ಉಳಿಯಿತು.

ಈ ನಡುವೆ ಇಲಾಖೆಯ ಹಿರಿಯರೊಬ್ಬರು ಫೋನು ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆ ಕಾಡಿನ ಶಾಲೆ ಇನ್ನು ಬೇಡ, ದಾಂಡೇಲಿಯಲ್ಲೇ ಕೂತು ಮಾಡುವ ಕೆಲಸ ಕೇಳಿ ತೆಗೆದುಕೊಳ್ಳಿ ಎಂದರು. ಮನೆಯವರೆಲ್ಲ ಖುಷಿಪಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ನಾನಿಲ್ಲದಾಗ ಬೇರೆ ಶಾಲೆಯ ಮೇಷ್ಟ್ರು ಬಿಡುವಾದಾಗ ಬಂದು ಹೋಗುತ್ತಿದ್ದರು. ಇನ್ನು ಹೀಗೇ ಮುಂದುವರಿದರೆ ದೊಡ್ಡ ಮಕ್ಕಳನ್ನು ದೂರದ ಶಾಲೆಗೆ ಹಚ್ಚುತ್ತಾರೆ, ಸಣ್ಣವು ಮನೆಯಲ್ಲೇ ಉಳಿಯುತ್ತವೆ. ಆ ಸಣ್ಣವಕ್ಕೆ ಆಗಷ್ಟೇ ಅಕ್ಷರ ಕೂಡಿಸಲು ಬಂದಿತ್ತು. ಅವನ್ನು ಅರ್ಧಕ್ಕೆ ಬಿಟ್ಟು ನಾನು ಫೈಲು ಕಟ್ಟುತ್ತ ಕೂಡಬೇಕೆ? ನನ್ನ ಶಾಲೆಗೆ ನಾನು ಹೋಗುತ್ತೇನೆ ಎಂದೆ. ಯಜಮಾನರು ಬೈಕಿನಲ್ಲಿ ಬಿಡುತ್ತೇನೆ ಎಂದರು. ಅವರಿಗೆ ಪಾಳಿ, ಇವತ್ತು ಹಗಲು, ನಾಳೆ ರಾತ್ರಿ. ದಿನಾ ಬಿಡಲು ಆಗುವ ಮಾತೇ? ಅದೂ ಅಲ್ಲದೆ, ಯಾರೋ ತಂದು ಇಳಿಸಿ ಹೋಗುವ ಟೀಚರು ನಾನಾಗಲಾರೆ.

ಡಾಕ್ಟರು ಪರೀಕ್ಷೆ ಮಾಡಿ ಒಂದು ಮಾತು ಹೇಳಿದರು: ‘ಯಾರ ಕೈನೂ ಹಿಡೀಲಾರದ ಬಸ್ ಹತ್ತಿ ಇಳಿದು ಬಾ ಅಮ್ಮಾ, ಕೆಲಸಕ್ಕ ಹೋಗಬಹುದು ಅಂತ ಸರ್ಟಿಫಿಕೇಟ್ ಬರೀತೇನಿ.’

ಬಸ್ಸು ಹತ್ತುವುದು! ಹೊಸ್ತಿಲಿನಲ್ಲಿ ಎಡವಿದವಳಿಗೆ ನಮ್ಮ ಹಳ್ಳಿ ಬಸ್ಸಿನ ಪಾವಟಿಗೆ. ನಾನು ಆ ದಿನ ಊಟ ಮಾಡಲಿಲ್ಲ. ಯಜಮಾನರು ಟೇಪು ತೆಗೆದುಕೊಂಡು ಹೊರಗೆ ಹೋದರು. ಅವರು ಹಾಗೆಯೇ, ಬಾಯಿಂದ ಸಮಾಧಾನ ಹೇಳಲು ಬರುವುದಿಲ್ಲ, ಅಳತೆ ತೆಗೆದುಕೊಂಡು ಬರುತ್ತಾರೆ. ಕೆಲವೇ ದಿನಗಳಲ್ಲಿ ಅಂಗಳದಲ್ಲಿ ಒಂದು ವಿಚಿತ್ರ ವಸ್ತು ನಿಂತಿತು. ಕಬ್ಬಿಣದ ಎರಡು ಪಾವಟಿಗೆ, ಎರಡೂ ಬದಿಗೆ ಹಿಡಿಯಲು ಸರಳು, ಮೇಲೆ ಒಬ್ಬರು ನಿಲ್ಲುವಷ್ಟು ತಗಡು. ಪಕ್ಕದ ಸಾಹೇಬರು ವೆಲ್ಡಿಂಗ್ ಮಾಡಿಕೊಟ್ಟಿದ್ದರು. ಅಗಲ, ಎತ್ತರ, ಸರಳಿನ ದಪ್ಪ, ಎಲ್ಲ ಬಸ್ಸಿನದೇ. ಬಸ್ಸು ಒಂದು ಬಿಟ್ಟು ಬಸ್ಸಿನ ಬಾಗಿಲು ನಮ್ಮ ಮನೆಗೆ ಬಂದಿತ್ತು.

ಹಳಿಯಾಳದ ಹುಡುಗಿಗೆ ಅದನ್ನು ನೋಡಿ ಹಬ್ಬ. ‘ಹತ್ತುವಾಗ ಜಾಣ ಕಾಲ ಮೊದಲ, ಇಳಿಯುವಾಗ ದಡ್ಡ ಕಾಲ ಮೊದಲ’ ಎಂದು ಶುರುಮಾಡಿದಳು.

‘ದಡ್ಡ ಅನಬ್ಯಾಡ’ ಎಂದೆ. ‘ನಾ ಯಾವ ಮಗುವಿಗೂ ದಡ್ಡ ಅಂದಾಕಿ ಅಲ್ಲ. ತಡಾ ಮಾಡಿ ಕಲಿಯೂ ಕಾಲ ಅನ್ನು.’

‘ಆತ್ರಿ. ತಡಾ ಮಾಡಿ ಕಲಿಯೂ ಕಾಲ ಮೊದಲ ಇಳಸ್ರಿ, ಅಕ್ಕಾರ, ಕತ್ತಲಾಕ್ಕೇತಿ.’

ಈ ಅಂಗಳದ ಬಸ್ಸಿಗೆ ಪಕ್ಕದ ಸಾಹೇಬರ ಹೆಂಡತಿಯೇ ಕಂಡಕ್ಟರು. ಬಸ್ಸು ನನಗಾಗಿ ಕಾಯುವುದಿಲ್ಲವಲ್ಲ, ಅದಕ್ಕೆ ಗಡಿಬಿಡಿಯೂ ಬೇಕು ಎಂದು ಹುಡುಗಿ ಅವರನ್ನು ನೇಮಿಸಿದ್ದಳು. ಒಲೆಯ ಮೇಲೆ ಸಾರಿಟ್ಟು ಬಂದು ತಗಡು ಬಡಿಯುತ್ತಿದ್ದರು: ‘ಜಲ್ದಿ ಹತ್ರಿ ಟೀಚರ್, ಒಳಗ ನಡೀರಿ, ರೈಟ್ ರೈಟ್!’ ಕೇರಿಯ ಜನ ಗೋಡೆಯ ಮೇಲಿಂದ ನೋಡಿ ನಕ್ಕರು. ನಗಲಿ ಎಂದು ಬಿಟ್ಟೆ. ಬೆವರು ಇಳಿಸಿಕೊಂಡು ಹತ್ತಿದೆ, ಇಳಿದೆ, ಬ್ಯಾಗು ಹೆಗಲಿಗೆ ಹಾಕಿ ಹತ್ತಿದೆ, ಇಳಿದೆ. ಕೊನೆಗೆ ಹುಡುಗಿ ನನ್ನ ಸೊಂಟದ ಪಟ್ಟಿ ಬಿಚ್ಚಿ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಆ ಸಂಜೆ ನಾನು ಶೇಂಗಾ ಹೋಳಿಗೆ ಮಾಡಿ ಎರಡೂ ಮನೆಗೆ ಹಂಚಿದೆ.

ಯಜಮಾನರಿಗೆ ರಜೆಯಿದ್ದ ದಿನ ನಿಜವಾದ ಬಸ್ಸಿನ ಪರೀಕ್ಷೆ. ದಾಂಡೇಲಿ ಸ್ಟ್ಯಾಂಡಿನಲ್ಲಿ ಹತ್ತಿದೆ, ಹೂವು ಎತ್ತಿದ ಹಾಗೆ. ಅವರು ನನ್ನ ಹಿಂದೆ ಹತ್ತಿದರು. ಕಿಟಕಿಯ ಪಕ್ಕ ಕೂತು ಕಾಡು ನೋಡುತ್ತ ಒಳಗೊಳಗೇ ಉಬ್ಬಿದೆ. ಗಣೇಶಗುಡಿ ದಾಟಿತು. ನನ್ನ ನಿಲುಗಡೆ ಬಂತು. ಎದ್ದು ಬಾಗಿಲಿಗೆ ಬಂದೆ, ಸರಳು ಹಿಡಿದೆ, ಕೊನೆಯ ಪಾವಟಿಗೆಗೆ ಇಳಿದೆ, ಎಡಗಾಲು ಕೆಳಗೆ ಬಿಟ್ಟೆ. ಕಾಲು ಇಳಿಯಿತು, ಇಳಿಯಿತು, ನೆಲ ಸಿಗಲಿಲ್ಲ.

ಬಗ್ಗಿ ನೋಡಿದೆ. ಬಸ್ಸು ಡಾಂಬರಿನ ಮೇಲೆ ನಿಂತಿತ್ತು. ಬಾಗಿಲು ಡಾಂಬರಿನ ಆಚೆ ಇತ್ತು. ಅಲ್ಲಿ ಮಳೆಗೆ ಅಂಚು ಕೊಚ್ಚಿಹೋಗಿ, ನೆಲ ತಗ್ಗಿಗೆ ಇಳಿಜಾರಾಗಿ, ಮೇಲೆ ಸಡಿಲ ಖಡಿ ಕಲ್ಲು ಹರಡಿತ್ತು. ವರ್ಷಗಟ್ಟಲೆ ನಾನು ಅದೇ ತಗ್ಗಿಗೆ ದಿನಾ ಜಿಗಿದಿದ್ದೆ, ಅಲ್ಲಿ ತಗ್ಗಿದೆ ಎಂದು ಕಾಲಿಗೆ ಗೊತ್ತಿತ್ತೇ ಹೊರತು ನನಗೆ ಗೊತ್ತಿರಲಿಲ್ಲ.

ಕಂಡಕ್ಟರು ಹಿಂದಿನಿಂದ, ‘ಎತ್ತಿ ಇಳಸೂಣು ತಡೀರಿ’ ಎಂದು ಕೈ ಚಾಚಿದ. ಇನ್ನೊಬ್ಬರೂ ಸೀಟಿನಿಂದ ಎದ್ದರು.

‘ಯಾರೂ ಮುಟ್ಟಬ್ಯಾಡ್ರಿ’ ಎಂದೆ. ಹಿಂದೆ ಸರಿದು ಸೀಟಿನಲ್ಲಿ ಕೂತೆ. ‘ಜೊಯಿಡಾಕ್ಕ ಕೊಡು. ಹೆಣ್ಮಕ್ಕಳದು ಹೆಂಗೂ ಫ್ರೀ ಐತಿ, ಇವರಿಗೊಂದು ಟಿಕೀಟು ಹರಿ.’

ಬಸ್ಸು ಜೊಯಿಡಾದ ಕಡೆ ಹೊರಟಿತು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಸಿಟ್ಟಿಗೆ ಅತ್ತೆನೋ ನಾಚಿಕೆಗೆ ಅತ್ತೆನೋ, ಎರಡೂ ಇತ್ತು. ಇಷ್ಟೆಲ್ಲ ಕುಣಿದದ್ದು ಒಂದು ತಗ್ಗಿನ ಮುಂದೆ ಸೋಲುವುದಕ್ಕೇ? ಜೊಯಿಡಾ ಸ್ಟ್ಯಾಂಡಿನಲ್ಲಿ ಇಳಿದೆ. ಇಲ್ಲಿ ಮತ್ತೆ ಸಲೀಸು. ಆಗ ತಲೆಯಲ್ಲಿ ಬೆಳಕಾಯಿತು. ಚಹಾದ ಅಂಗಡಿಯ ಮುಂದೆ ನಿಂತು ಕೇಳಿದೆ:

‘ಪಾವಟಿಗಿ ಅಳತಿ ಎಲ್ಲಿ ತಗೊಂಡಿದ್ರಿ?’

‘ದಾಂಡೇಲಿ ಸ್ಟ್ಯಾಂಡಿನ್ಯಾಗ. ಲೆವೆಲ್ ಹಚ್ಚಿ ನೋಡೇನಿ, ಒಂದ ಕೂದಲಿನಷ್ಟೂ ಫರಕಿಲ್ಲ.’

ಮಿಲ್ಲಿನ ಮನುಷ್ಯ. ಅಲ್ಲಿ ಯಂತ್ರ ಕೂಡಿಸುವ ನೆಲಕ್ಕೆ ಮಟ್ಟ ಹಿಡಿದು ಹಿಡಿದು, ಜಗತ್ತಿನ ನೆಲವೆಲ್ಲ ಮಟ್ಟವಾಗಿದೆ ಎಂದು ತಿಳಿದವರು. ಪಾವಟಿಗೆ ಕೂದಲಿನಷ್ಟೂ ತಪ್ಪಿರಲಿಲ್ಲ, ನೆಲವನ್ನು ಅವರು ಅಳೆದೇ ಇರಲಿಲ್ಲ. ಬೈಯಲು ಬಾಯಿ ತೆರೆದೆ. ಅವರ ಮುಖ ನೋಡಿದರೆ ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನ ಮುಖ. ನಗು ಬಂದುಬಿಟ್ಟಿತು. ಅವರಿಗೂ ಬಂತು. ಚಹಾ ಕುಡಿದು ಸಂಜೆಯ ಬಸ್ಸಿಗೆ ಕಾಯುತ್ತ ಕೂತೆವು. ಬರುವಾಗ ನಿಲುಗಡೆಯಲ್ಲಿ ಅವರು ಮಾತ್ರ ಇಳಿದು, ರಸ್ತೆ ದಾಟಿ ಓಡಿ, ಟೇಪು ಹಿಡಿದು ತಗ್ಗು ಅಳೆದು ಹತ್ತಿದರು. ಡ್ರೈವರು ಹಾರ್ನು ಬಾರಿಸಿ ಬಾರಿಸಿ ಸಾಕಾದ.

ಮರುದಿನ ಹಳಿಯಾಳದ ಹುಡುಗಿ ಎಲ್ಲ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ‘ನಾನೂ ಸ್ಟ್ಯಾಂಡಿನ್ಯಾಗ ಇಳಿಯಾಕಿ, ನನಗೂ ಹೊಳೀಲಿಲ್ಲ ನೋಡ್ರಿ. ಇರ್ಲಿ, ಇವತ್ತಿಂದ ತಗ್ಗು’ ಎಂದಳು. ಯಜಮಾನರು ಪಾವಟಿಗೆಯ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಮುಂದೆ ಮಣ್ಣು ಸುರಿದು ಇಳಿಜಾರು ಮಾಡಿ, ಮೇಲೆ ಖಡಿ ಹರಡಿದರು. ಕೆಡವಿ ಮತ್ತೆ ಮಾಡಿದರು, ನಿಲುಗಡೆಯ ತಗ್ಗಿಗೂ ಅಂಗಳದ ತಗ್ಗಿಗೂ ಅವರ ಪ್ರಕಾರ ಫರಕಿಲ್ಲದ ತನಕ. ಮಟ್ಟ ಹಿಡಿಯುವ ಮನುಷ್ಯ ಈಗ ಓರೆ ಹಿಡಿದು ನೋಡುತ್ತಿದ್ದರು.

ಅದು ಮೊದಲಿನಂಥ ಆಟವಾಗಲಿಲ್ಲ. ಖಡಿ ಕಾಲಡಿ ಜಾರುತ್ತಿತ್ತು, ಕಣಕಾಲು ತಿರುಗುತ್ತಿತ್ತು. ಹುಡುಗಿ ಮತ್ತೆ ಸೊಂಟದ ಪಟ್ಟಿ ಬಿಗಿದಳು, ಅದು ನನಗೆ ದೊಡ್ಡ ಅವಮಾನ. ಮುಖ ಹೊರಗೆ ಮಾಡಿ ಇಳಿಯುವುದು ಬೇಡ, ಎರಡೂ ಕೈಯಲ್ಲಿ ಸರಳು ಹಿಡಿದು ಓರೆಯಾಗಿ ಇಳಿಯಿರಿ ಎಂದು ಹೇಳಿಕೊಟ್ಟಳು. ಬಲಮೊಣಕಾಲು ಮೆಲ್ಲಗೆ ಮಡಚುತ್ತ ಎಡಗಾಲನ್ನು ನೆಲ ಸಿಗುವ ತನಕ ಇಳಿಸಬೇಕು, ಸಿಕ್ಕಮೇಲೂ ನಂಬಬಾರದು, ಒತ್ತಿ ನೋಡಿಯೇ ಭಾರ ಬಿಡಬೇಕು. ಜಿಟಿಜಿಟಿ ಮಳೆಯಿದ್ದ ದಿನ, ಇವತ್ತು ಬೇಡ ಎಂದೆ. ‘ಅಲ್ಲಿ ಮಳಿ ಇರೂದಿಲ್ಲೇನ್ರಿ?’ ಎಂದಳು. ಪಕ್ಕದ ಮನೆಯ ಕಂಡಕ್ಟರಮ್ಮ ಕೊಡೆ ಹಿಡಿದು ಬಂದು ತಗಡು ಬಡಿದರು. ನಾನು ಹಲ್ಲು ಕಚ್ಚಿ ಇಳಿದೆ. ಹೀಗೆ ಮಳೆಗಾಲ ಕಳೆಯಿತು, ಪಟ್ಟಿ ಎರಡನೆಯ ಸಲ ಚೀಲ ಸೇರಿತು.

ದಸರೆಯ ರಜೆ ಮುಗಿದು ಶಾಲೆ ತೆರೆದ ದಿನ, ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟು ಬ್ಯಾಗಿನಲ್ಲಿಟ್ಟುಕೊಂಡು ನಾನು ಒಬ್ಬಳೇ ಹೊರಟೆ. ಯಜಮಾನರು ದಾಂಡೇಲಿ ಸ್ಟ್ಯಾಂಡಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು, ಕೈ ಬಿಚ್ಚಿದರೆ ಎಲ್ಲಿ ನನ್ನನ್ನು ಹಿಡಿದುಬಿಡುತ್ತೇನೋ ಎಂಬ ಹೆದರಿಕೆ ಅವರಿಗೆ. ಬಸ್ಸು ಅದೇ, ಕಂಡಕ್ಟರೂ ಅವನೇ. ನಿಲುಗಡೆ ಬಂತು. ಅವನು ಈ ಸಲ ಕೈ ಚಾಚಲಿಲ್ಲ, ಸೀಟಿ ಬಾಯಲ್ಲಿಟ್ಟುಕೊಂಡು ಊದದೆ ನಿಂತ. ನಾನು ಓರೆಯಾದೆ. ಬಲಮೊಣಕಾಲು ಮಡಚಿತು. ಎಡಗಾಲು ಇಳಿಯಿತು, ಇಳಿಯಿತು, ಖಡಿ ಸಿಕ್ಕಿತು, ಒತ್ತಿ ನೋಡಿದೆ, ಭಾರ ಬಿಟ್ಟೆ. ಬಲಗಾಲು ಪಕ್ಕಕ್ಕೆ ಬಂತು. ತಗ್ಗಿನಲ್ಲಿ ನಾನು ಎರಡು ಕಾಲ ಮೇಲೆ ನಿಂತಿದ್ದೆ. ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ‘ರೈಟ್’ ಎಂದು ನಾನೇ ಬಸ್ಸಿನ ತಗಡು ಬಡಿದೆ.

ಕಾಲುದಾರಿಗೆಂದು ಹುಡುಗಿ ಕೊಟ್ಟಿದ್ದ ಕೋಲನ್ನು ಬ್ಯಾಗಿನಿಂದ ತೆಗೆದು, ಊರಿಕೊಂಡು, ‘ಹಿಮ್ಮಡಾ ಮೊದಲ, ಹಿಮ್ಮಡಾ ಮೊದಲ’ ಎನ್ನುತ್ತ ಹೋದೆ. ಶಾಲೆಯ ಮುಂದೆ ಮಕ್ಕಳು ಸಾಲಾಗಿ ನಿಂತು ನೋಡಿದರು. ಓಡಿ ಬರಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದರು. ನಡಿಗೆ ಬಂದಿತ್ತು ನಿಜ, ಮೊದಲಿನ ನಡಿಗೆ ಬಂದಿರಲಿಲ್ಲ. ಎಡಗಾಲು ಸ್ವಲ್ಪ ಸುತ್ತಿ ಬರುತ್ತದೆ, ಇವತ್ತಿಗೂ. ಅಂದು ಪಾಠ ಮಾಡುವಾಗ ಆದಷ್ಟು ಖುರ್ಚಿ ಬಿಟ್ಟು ಏಳಲಿಲ್ಲ.

ಒಂದೆರಡು ವಾರ ಹಾಗೇ ನಡೆಯಿತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ಜಗಳ ಕೇಳಿ ಬಾಗಿಲಿಗೆ ಬಂದೆ. ಮಕ್ಕಳು ಶಾಲೆಯ ಆಟ ಆಡುತ್ತಿದ್ದರು. ಒಬ್ಬಳು ಕೋಲು ಹಿಡಿದು ‘ಬಾಯಿ’ ಆಗಿದ್ದಳು, ಕಾಲು ಎಳೆಯುತ್ತ ನಡೆಯುತ್ತಿದ್ದಳು. ನನ್ನ ಮುಖ ಬಿಸಿಯಾಯಿತು. ಅಷ್ಟರಲ್ಲಿ ಇನ್ನೊಬ್ಬಳು, ಅಕ್ಷರ ಕೂಡಿಸಲು ಆಗಷ್ಟೇ ಕಲಿತಿದ್ದ ಸಣ್ಣವಳು, ಅವಳ ಕೈಯಿಂದ ಕೋಲು ಕಿತ್ತುಕೊಂಡಳು. ಕೊಂಕಣಿಯಲ್ಲಿ ಬೈದಳು: ನಿನಗೆ ಬಾಯಿ ಆಗಲು ಬರುವುದಿಲ್ಲ, ನೀನು ಕಾಲು ಎಳೆಯುತ್ತೀಯ, ನಮ್ಮ ಬಾಯಿ ಎಳೆಯುವುದಿಲ್ಲ. ಆಮೇಲೆ ಗಂಭೀರವಾಗಿ ಎಡಪಾದ ಎತ್ತಿ, ನನ್ನದೇ ಕನ್ನಡದಲ್ಲಿ, ‘ಹಿಮ್ಮಡಾ ಮೊದಲ’ ಎಂದು ಒಂದು ಹೆಜ್ಜೆ ಇಟ್ಟು ತೋರಿಸಿದಳು.

ಬಾಗಿಲ ಚೌಕಟ್ಟು ಹಿಡಿದು ಕಣ್ಣೊರೆಸಿಕೊಂಡೆ. ಆದರೆ ಅವಳ ಹೆಜ್ಜೆಯಲ್ಲಿ ತಪ್ಪಿತ್ತು, ಮೊಣಕಾಲು ಮಡಚಿರಲಿಲ್ಲ. ತಪ್ಪು ಕಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ.

‘ಇಬ್ಬರದೂ ತಪ್ಪು’ ಎಂದೆ. ಸೀಮೆಸುಣ್ಣ ತಂದು ಜಗುಲಿಯ ಉದ್ದಕ್ಕೂ ಬಿಳಿ ಗೆರೆ ಎಳೆದೆ. ಕೋಲನ್ನು ಗೋಡೆಗೆ ಆನಿಸಿದೆ. ಗೆರೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ತೋರಿಸಿದೆ, ಮಕ್ಕಳೆಲ್ಲ ನನ್ನ ಹಿಂದೆ ಸಾಲಾಗಿ, ಹಿಮ್ಮಡ ಮೊದಲು ಇಡುತ್ತ ಬಂದರು.